ರಿದಿಮ್ ಮತ್ತು ಮಟ್ಟು: ಜಮೈಕಾದ ಡ್ಯಾನ್ಸ್‌ಹಾಲ್ ಹಾಡುಗಳನ್ನು ಕೇಳುವ ಬಗ್ಗೆ

ಧ್ವನಿ ಕೇಳಿಸ್ತಾ ಉಂಟಲ್ವಾ? ಸರಿ. ಈ ಸರಣಿಯಲ್ಲಿ ಇದುವರೆಗೆ ತತ್ವಪದ, ರಂಗಗೀತೆ, ಪಾಡ್ದನದ ಬಗ್ಗೆ ಮಾತಾಗಿದೆ. ನನ್ನ ವಿಷಯದ ಪ್ರಕಟಣೆ ನೋಡಿ ಗೆಳತಿಯೊಬ್ಬಳು "ಇದು ಕನ್ನಡ ವಿಭಾಗದ ಸೆಮಿನಾರ್ ಅಲ್ವಾ ಮಾರಾಯ್ತಿ?" ಅಂತ ಮೆಸೇಜ್ ಹಾಕಿದ್ಲು. ಹೌದು, ಕನ್ನಡ ವಿಭಾಗದ್ದೇ. ಹಾಡನ್ನು ವಿಮರ್ಶೆ ಮಾಡುವಾಗ ನಾವು ಬಳಸುವ ಅಳತೆಗೋಲುಗಳನ್ನು ಒಮ್ಮೆ ದೂರದ ಹಾಡಿನ ಮೇಲೆ ಇಟ್ಟು ನೋಡುವ ಅಂತ ಈ ಪ್ರಯತ್ನ. ಬರೆದುಕೊಂಡು ಬಂದಿದ್ದೇನೆ, ಆದ್ರೆ ನಡುವೆ ನಡುವೆ ಮಾತಾಡ್ತೇನೆ. ಎರಡೂ ಕಲಸಿದ ಹಾಗೆ ಇರ್ತದೆ, ಕ್ಷಮಿಸಿ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ದೊಡ್ಡಪ್ಪನ ಮಗ ಅಣ್ಣ ಶಾರ್ಜಾದಲ್ಲಿದ್ದ. ರಜೆಗೆ ಬಂದಾಗ ಅವನ ಪೆನ್‌ಡ್ರೈವ್ ನಮ್ಮ ಜೀಪಿಗೆ ಬರ್ತಿತ್ತು. ನಾನಾಗ ಹೈಸ್ಕೂಲು. ಅದರಲ್ಲಿ ಸಾಲಾಗಿ ಮೂರು ಹಾಡು ಇದ್ವು. ಮೂರಕ್ಕೂ ಹಿಂದೆ ಒಂದೇ ಚಪ್ಪಾಳೆ. "ಇದೆಂತ ಅಣ್ಣ, ಒಬ್ಬನ ಟ್ಯೂನ್ ಇನ್ನೊಬ್ಬ ಕದ್ದದ್ದಾ?" ಅಂತ ಕೇಳಿದೆ. "ಕದ್ದದ್ದಲ್ಲ. ಅಲ್ಲಿ ಹಾಗೇ. ಬೀಟ್ ಎಲ್ಲರದ್ದು. ಈ ಬೀಟಿನ ಹೆಸರು ದಿವಾಲಿ" ಅಂದ. ಜಮೈಕಾದ ಬೀಟಿಗೆ ದೀಪಾವಳಿಯ ಹೆಸರು! ನಾನು ನಂಬ್ಲಿಲ್ಲ. ಆಮೇಲೆ ಹುಡುಕಿ ನೋಡಿದ್ರೆ ನಿಜ. ಸ್ಟೀವನ್ 'ಲೆಂಕಿ' ಮಾರ್ಸ್ಡೆನ್ ಎಂಬ ನಿರ್ಮಾಪಕ ಮಾಡಿದ, 2002ರಲ್ಲಿ ಹೊರಬಂದ ತಾಳದ ಹೆಸರು 'ದಿವಾಲಿ'.

ಆ ತಾಳಕ್ಕೆ ಜಮೈಕಾದಲ್ಲಿ 'ರಿದಿಮ್' ಅಂತಾರೆ. ಡ್ರಮ್ಮು, ಬೇಸು, ಮೇಲೆ ಒಂದೆರಡು ವಾದ್ಯದ ಸ್ವರ, ಇಷ್ಟು ಸೇರಿದ ಹಿನ್ನೆಲೆ. ನಿರ್ಮಾಪಕ ಅದನ್ನು ಮಾಡಿ, ಹೆಸರಿಟ್ಟು, ಹತ್ತಿಪ್ಪತ್ತು ಗಾಯಕರಿಗೆ ಕೊಡ್ತಾನೆ. ಒಬ್ಬೊಬ್ಬರೂ ಅದರ ಮೇಲೆ ತಮ್ಮ ಹಾಡು ಕಟ್ತಾರೆ. ಸೌಂಡ್ ಸಿಸ್ಟಮ್, ಅಂದ್ರೆ ದೊಡ್ಡ ದೊಡ್ಡ ಸ್ಪೀಕರು ಪೆಟ್ಟಿಗೆಗಳನ್ನು ಬೀದಿಯಲ್ಲೋ ಅಂಗಳದಲ್ಲೋ ಪೇರಿಸಿ ನಡೆಸುವ ಕುಣಿತದ ಕೂಟ, ಅಲ್ಲಿ ಆ ಹಾಡುಗಳನ್ನು ಒಂದರ ಬೆನ್ನಿಗೆ ಒಂದು ಹಾಕ್ತಾರೆ. ತಾಳ ನಿಲ್ಲುವುದಿಲ್ಲ, ಬಾಯಿ ಬದಲಾಗ್ತಾ ಹೋಗ್ತದೆ. ಒಂದು ಗೊಂದಲ ಮೊದಲೇ ಬಿಡಿಸ್ತೇನೆ: ಅಲ್ಲಿ ರೆಕಾರ್ಡ್ ಹಾಕುವವನು 'ಸೆಲೆಕ್ಟರ್', ತಾಳದ ಮೇಲೆ ಮಾತು ಕಟ್ಟುವವನು 'ಡಿಜೆ'. ನಮ್ಮ ಮದುವೆ ಮನೆಯ ಡಿಜೆ ಬೇರೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ನಮ್ಮಲ್ಲಿ 'ಮಟ್ಟು' ಅನ್ನುವ ಮಾತು ಉಂಟು. ಒಂದು ಮಟ್ಟಿಗೆ ಎಷ್ಟೋ ಪದ್ಯ. ಪ್ರಸಂಗ ಬೇರೆ, ಕವಿ ಬೇರೆ, ಮಟ್ಟು ಅದೇ. ಭಾಗವತರು ಎತ್ತುಗಡೆ ಮಾಡಿದ ಕೂಡಲೇ ಕೇಳುವವನಿಗೆ ದಾರಿ ಗೊತ್ತಾಗ್ತದೆ. ಆ ದಾರಿಯಲ್ಲಿ ಇವರು ಹೇಗೆ ನಡೀತಾರೆ ಅನ್ನುವುದೇ ಕುತೂಹಲ. ಆದ್ರೆ ಹೋಲಿಕೆ ಇಲ್ಲಿಗೇ ಮುಗೀತದೆ, ಎಳೆದರೆ ಹರಿದು ಹೋಗ್ತದೆ. ಮಟ್ಟಿನಲ್ಲಿ ಸ್ವರದ ನಡೆಯೂ ಸಿದ್ಧವಾಗಿ ಬರ್ತದೆ, ಮಾತು ಮಾತ್ರ ಹೊಸದು. ರಿದಿಮಿನಲ್ಲಿ ನೆಲ ಮಾತ್ರ ಸಿದ್ಧ, ಸ್ವರವನ್ನೂ ಮಾತನ್ನೂ ಹಾಡುವವನೇ ತರಬೇಕು. ಹಾಗಾಗಿ ಡ್ಯಾನ್ಸ್‌ಹಾಲಿನಲ್ಲಿ ಒಂದು ಹಾಡಿನ ಬೆಲೆ ತಿಳಿಯಬೇಕಾದ್ರೆ ಅದರ ಒಡಹುಟ್ಟಿದ ಹಾಡುಗಳ ಪಕ್ಕದಲ್ಲಿ ಇಟ್ಟು ಕೇಳಬೇಕು ಅನ್ನುವುದು ನನ್ನ ವಾದ. 'ಈ ವರ್ಷದ ಒಳ್ಳೆಯ ಹತ್ತು ಹಾಡು', 'ಉದಯೋನ್ಮುಖ ಐವರು' ಅಂತ ಪಟ್ಟಿ ಮಾಡುವವರು ಬಿಟ್ಟುಬಿಡುವುದು ಇದನ್ನೇ.

ದಿವಾಲಿಯನ್ನೇ ನೋಡಿ. ಚಪ್ಪಾಳೆ ಮುಂದೆ, ಬೇಸು ಹಿಂದೆ. ಚಪ್ಪಾಳೆ ಬೀಳುವುದು ನಾವು ಕಾಯುವ ಜಾಗದಲ್ಲಿ ಅಲ್ಲ, ಒಂದು ಚೂರು ಓರೆಯಾಗಿ. ಅದರ ಮೇಲೆ ಶಾನ್ ಪಾಲ್ 'ಗೆಟ್ ಬಿಝಿ' ಹಾಡಿದ. ಅದು 2003ರ ಮೇ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯ್ತು. ಅವನ ಸ್ವರ ಎರಡು ಮೂರು ಮೆಟ್ಟಿಲಿಗಿಂತ ಮೇಲೆ ಹೋಗುವುದೇ ಇಲ್ಲ. ವ್ಯಂಜನಗಳನ್ನೇ ಚಪ್ಪಾಳೆಯ ನಡುವಿನ ಖಾಲಿಗೆ ಬಡೀತಾ ಹೋಗ್ತಾನೆ, ಚೆಂಡೆಯ ಕೋಲಿನ ಹಾಗೆ. ಅದೇ ತಾಳದ ಮೇಲೆ ವೇಯ್ನ್ ವಂಡರ್ 'ನೋ ಲೆಟಿಂಗ್ ಗೋ' ಹಾಡಿದ. ಅದು ಪ್ರೇಮಗೀತೆ. ಅವನು ಚಪ್ಪಾಳೆಯನ್ನು ಗಮನಿಸಿದವನ ಹಾಗೇ ಕಾಣುವುದಿಲ್ಲ, ಸ್ವರಗಳನ್ನು ಉದ್ದಕ್ಕೆ ಎಳೆದು ಅದರ ಮೇಲೆ ತೇಲಿಸ್ತಾನೆ. ತಾಳ ಕುಣಿಸ್ತದೆ, ಅವನು ತೂಗ್ತಾನೆ. ಮೂರನೆಯದು ಬೌಂಟಿ ಕಿಲ್ಲರ್‌ನ 'ಸಫರರ್'. ಸೀವ್ಯೂ ಗಾರ್ಡನ್ಸ್ ಎಂಬ ಬಡವರ ಬಡಾವಣೆಯಿಂದ ಬಂದವನು, ಒರಟು ಗಂಟಲು. ಅದೇ ಹಬ್ಬದ ಚಪ್ಪಾಳೆಯ ಮೇಲೆ ಅವನು ಹೇಳುವುದು ಬಡತನದ ಮಾತು. ಚಪ್ಪಾಳೆ ಇಲ್ಲಿ ಕುಣಿಸುವುದಿಲ್ಲ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಕೇಳಿಸ್ತದೆ.

ಮೂರನ್ನೂ ಮೂವತ್ತು ಮೂವತ್ತು ಸೆಕೆಂಡು ಕೇಳಿಸ್ತೇನೆ.

(ಇಲ್ಲಿ ಹಾಡಿನ ತುಣುಕುಗಳನ್ನು ಕೇಳಿಸಲಾಯಿತು. ನಡುವೆ ಸಂಪರ್ಕ ಸ್ವಲ್ಪ ಹೊತ್ತು ಕಡಿದಿತ್ತು.)

ಬಂತಾ? ಸರಿ. 'ಸಫರರ್' ಒಂದನ್ನೇ ಕೇಳಿದ್ರೆ ಅದೊಂದು ಸಿಟ್ಟಿನ ಹಾಡು, ಅಷ್ಟೇ. 'ಗೆಟ್ ಬಿಝಿ' ಆದ ಮೇಲೆ ಕೇಳಿದ್ರೆ, ಈಗಷ್ಟೇ ಕುಣಿದ ಕಾಲಿಗೆ ನೀನು ಕುಣಿದ ನೆಲ ಯಾವುದು ಅಂತ ಕೇಳುವ ಹಾಡಾಗ್ತದೆ. ಶಾನ್ ಪಾಲ್ ಕಿಂಗ್‌ಸ್ಟನ್ನಿನ ಮೇಲ್ಪೇಟೆಯ ಹುಡುಗ ಅನ್ನುವುದು ಕೂಟದಲ್ಲಿರುವ ಎಲ್ಲರಿಗೂ ಗೊತ್ತು. ಮೇಲ್ಪೇಟೆ, ಕೆಳಪೇಟೆ ಎರಡೂ ಒಂದೇ ತಾಳದಲ್ಲಿ ಎದುರುಬದುರಾಗುವ ಈ ಅರ್ಥ ಎರಡು ಹಾಡುಗಳ ನಡುವೆ ಹುಟ್ಟುವಂಥದ್ದು. ಯಾವ ಒಂದು ಹಾಡಿನ ಸಾಹಿತ್ಯದಲ್ಲಿ ಹುಡುಕಿದ್ರೂ ಸಿಗುವುದಿಲ್ಲ.

ಕೂಟದ ಜನ ವಿಮರ್ಶೆ ಮಾಡುವ ರೀತಿಯೂ ಇದಕ್ಕೆ ತಕ್ಕ ಹಾಗೆ ಉಂಟು. ಕಂಪೆನಿ ನಾಟಕದಲ್ಲಿ ಹಾಡು ಮುಗಿದ ಮೇಲೆ 'ಒನ್ಸ್ ಮೋರ್' ಅಂತ ಕೂಗ್ತಿದ್ರಲ್ಲ, ಅಲ್ಲಿಯೂ ಕೂಗ್ತಾರೆ, ಆದ್ರೆ ಹಾಡು ಮುಗಿಯುವ ತನಕ ಕಾಯುವುದಿಲ್ಲ. ಮೊದಲ ನಾಲ್ಕು ಸಾಲಿಗೇ ಜನ ಎದ್ದರೆ ಸೆಲೆಕ್ಟರ್ ರೆಕಾರ್ಡ್ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿನಿಂದ ಹಾಕ್ತಾನೆ. ಅದಕ್ಕೆ 'ಪುಲ್ ಅಪ್' ಅಂತಾರೆ. ಚೆನ್ನಾಗಿದ್ದ ಹಾಡು ಪೂರ್ತಿ ಕೇಳ್ಲಿಕ್ಕೆ ಸಿಗುವುದೇ ಇಲ್ಲ ಅನ್ನುವುದು ತಮಾಷೆ. ಎದ್ದ ಹಾಡು ಮತ್ತೆ ಮತ್ತೆ ಶುರುವಾಗ್ತದೆ, ಏಳದ ಹಾಡಿನ ಮೇಲೆ ಮುಂದಿನದು ಬಂದು ಕೂತುಕೊಳ್ತದೆ. ಹತ್ತು ಸೆಕೆಂಡಿನ ವಿಮರ್ಶೆ, ಮೇಲ್ಮನವಿ ಇಲ್ಲ.

ಹಿಂದಿನ ಕತೆ ಚುಟುಕಾಗಿ. 1985ರಲ್ಲಿ ವೇಯ್ನ್ ಸ್ಮಿತ್‌ನ 'ಅಂಡರ್ ಮಿ ಸ್ಲೆಂಗ್ ಟೆಂಗ್' ಬಂತು. ಅದರ ರಿದಿಮ್ ಕ್ಯಾಸಿಯೊ ಎಂಟಿ-40 ಎಂಬ ಸಣ್ಣ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟ 'ರಾಕ್' ತಾಳ. ನೋಯೆಲ್ ಡೇವಿ ಮತ್ತು ಸ್ಮಿತ್ ಅದನ್ನು ಹುಡುಕಿ ತಂದ್ರು, ಕಿಂಗ್ ಜ್ಯಾಮಿ ಅದರ ವೇಗ ಇಳಿಸಿ ಹಾಡು ಮಾಡಿದ. ಆ ತಾಳವನ್ನು ಕೀಬೋರ್ಡಿಗೆ ತುಂಬಿಸಿದವರು ಜಪಾನಿನ ಓಕುಡಾ ಹಿರೋಕೋ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. ಅಲ್ಲಿಂದ ಡ್ಯಾನ್ಸ್‌ಹಾಲ್ ಗಣಕದ ಕಡೆಗೆ ತಿರುಗಿತು, ವಾದ್ಯಗಾರರ ತಂಡ ಇಟ್ಟುಕೊಳ್ಳುವ ಖರ್ಚು ಇಲ್ಲದವರೂ ರಿದಿಮ್ ಮಾಡುವ ಹಾಗಾಯ್ತು.

ಇನ್ನೊಂದು ರಿದಿಮಿನ ಬಗ್ಗೆ ನಿಧಾನವಾಗಿ ಹೇಳಬೇಕು. 'ಸ್ಟಾಲಾಗ್'. ಎಪ್ಪತ್ತರ ದಶಕದಲ್ಲಿ ಆನ್ಸೆಲ್ ಕಾಲಿನ್ಸ್ ನುಡಿಸಿದ, ವಿನ್‌ಸ್ಟನ್ ರೈಲಿ ನಿರ್ಮಿಸಿದ ವಾದ್ಯಸಂಗೀತ. ಇದರ ಮೇಲೆ 1982ರಲ್ಲಿ ಸಿಸ್ಟರ್ ನ್ಯಾನ್ಸಿ ಎಂಬ ಇಪ್ಪತ್ತರ ಹುಡುಗಿ 'ಬ್ಯಾಮ್ ಬ್ಯಾಮ್' ಹಾಡಿದಳು. ಹಾಡಿನ ಪಲ್ಲವಿಯೂ ಅವಳದ್ದಲ್ಲ: ಟೂಟ್ಸ್ ಆಂಡ್ ದ ಮೇಟಲ್ಸ್ ತಂಡದ 'ಬ್ಯಾಮ್ ಬ್ಯಾಮ್' 1966ರಲ್ಲೇ ಸ್ವಾತಂತ್ರ್ಯೋತ್ಸವದ ಹಾಡಿನ ಸ್ಪರ್ಧೆ ಗೆದ್ದಿತ್ತು. ತಾಳ ಒಬ್ಬರದ್ದು, ಪಲ್ಲವಿ ಇನ್ನೊಬ್ಬರದ್ದು. ಹಾಗಾದ್ರೆ ಅವಳದ್ದು ಎಂತ? ನನ್ನ ಕಿವಿಗೆ ಅವಳದ್ದು ಒಂದು ನಿರಾಳ. ಗಂಡಸರೇ ತುಂಬಿದ ಮೈಕಿನ ಮುಂದೆ ನಿಂತು ತಾನು ಡಿಜೆ, ತನ್ನದು ಬೇರೆಯೇ ದಾರಿ ಅಂತ ಹೇಳುವ ಹಾಡು ಇದು. ಹೇಳುವ ರೀತಿಯಲ್ಲಿ ಜಗಳದ ಏರು ಇಲ್ಲ. ತಾಳಕ್ಕಿಂತ ಕೂದಲೆಳೆ ಹಿಂದೆ ಇರ್ತಾಳೆ, ಓಡಿ ಹಿಡಿಯುವ ಅವಸರ ಇಲ್ಲ. ಅದೇ ಸ್ಟಾಲಾಗ್ ಮೇಲೆ 1985ರಲ್ಲಿ ಟೆನರ್ ಸಾ 'ರಿಂಗ್ ದಿ ಅಲಾರ್ಮ್' ಹಾಡಿದ. ಅದು ಎದುರಾಳಿ ಸೌಂಡ್ ಸಿಸ್ಟಮ್ ಸತ್ತುಹೋಗ್ತಾ ಉಂಟು ಅಂತ ಸಾರುವ ಹಾಡು, ಗಂಟಲು ಪೂರ್ತಿ ತೆರೆದದ್ದು. ಎರಡನ್ನೂ ಜೊತೆಗಿಟ್ಟರೆ ನ್ಯಾನ್ಸಿಯ ನಿರಾಳ ಎಷ್ಟು ಕಷ್ಟದ್ದು ಅಂತ ತಿಳೀತದೆ. ಗೆಲ್ಲಬೇಕಾದವನು ಕೂಗ್ತಾನೆ, ಅವಳು ಗೆದ್ದಾಗಿದೆ ಅನ್ನುವ ಹಾಗೆ ಮಾತಾಡ್ತಾಳೆ.

ಆದ್ರೆ ಹೊರಗೆ ಅವಳು ಗೆದ್ದಿರ್ಲಿಲ್ಲ. ಆ ಹಾಡು ಸಿನಿಮಾಕ್ಕೆ ಹೋಯ್ತು, ಕಾನ್ಯೆ ವೆಸ್ಟ್ 2016ರಲ್ಲಿ, ಜೇ-ಝಿ 2017ರಲ್ಲಿ ಅದರ ತುಂಡನ್ನು ತಮ್ಮ ಹಾಡಿಗೆ ತೆಗೆದುಕೊಂಡ್ರು. ಅವಳು ಮಾತ್ರ ಅಮೆರಿಕಕ್ಕೆ ಹೋಗಿ ನ್ಯೂಜೆರ್ಸಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡ್ತಿದ್ದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಹಾಡಿನಿಂದ ಗೌರವಧನ ಬರ್ಲಿಲ್ಲ. 2014ರಲ್ಲಿ ಒಂದು ಶೂ ಕಂಪೆನಿಯ ಜಾಹೀರಾತಿನಲ್ಲಿ ತನ್ನ ದನಿ ಕೇಳಿದ ಮೇಲೆ ವಕೀಲರನ್ನು ಹಿಡಿದು ಹಕ್ಕಿನ ಪಾಲು ಪಡೆದಳು. 2024ರಲ್ಲಿ ಇದರ ಮೇಲೆ ಒಂದು ಸಾಕ್ಷ್ಯಚಿತ್ರವೂ ಬಂದಿದೆ. 'ತಾಳ ಎಲ್ಲರದ್ದು' ಅಂತ ಅಣ್ಣ ಜೀಪಿನಲ್ಲಿ ಹೇಳಿದ ಮಾತು ನನಗೆ ಬಹಳ ಇಷ್ಟವಾಗಿತ್ತು. ನಮ್ಮ ಜಾನಪದ ಪತ್ರಿಕೆಗಳಲ್ಲಿ 'ಸಮುದಾಯದ ಸೊತ್ತು' ಅಂತ ನಾವು ಬರೆಯುವ ಹಾಗೆಯೇ. ಎಲ್ಲರದ್ದು ಅಂತ ಹೇಳಿದಾಗ ಹಣ ಯಾರ ಕೈಗೆ ಹೋಗ್ತದೆ ಅಂತ ಕೇಳುವುದನ್ನು ಕಲಿತದ್ದು ಈ ಹಾಡಿನಿಂದ. ಸ್ಟೀಲಿ ಮತ್ತು ಕ್ಲೀವಿ ಜೋಡಿಯ 1989ರ 'ಫಿಶ್ ಮಾರ್ಕೆಟ್' ತಾಳ ರೆಗ್ಗೆಟಾನ್ ಸಂಗೀತದ ಬೆನ್ನೆಲುಬಾಗಿದೆ ಅಂತ 2021ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಲಾಯ್ತು. ಆಮೇಲೆ ಪ್ರತಿವಾದಿಗಳ ಸಂಖ್ಯೆ ನೂರು ದಾಟಿತು. ಹಂಚಿಕೊಂಡೇ ಬೆಳೆದ ಸಂಗೀತ ಈಗ ಹಂಚಿಕೆಯ ಲೆಕ್ಕ ಕೇಳ್ತಾ ಉಂಟು. ಕೇಳಬಾರದು ಅಂತ ಹೇಳುವ ಧೈರ್ಯ ನನಗಿಲ್ಲ.

ಭಾಷೆಯ ವಿಷಯ. ಜಮೈಕಾದ ಆಡಳಿತ ಭಾಷೆ ಇಂಗ್ಲಿಷ್. ಮನೆಯಲ್ಲಿ, ಬೀದಿಯಲ್ಲಿ ಆಡುವುದು ಪಾಟ್ವ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಬಾಯಲ್ಲಿ ರೂಪುಗೊಂಡ ಭಾಷೆ. ಅದನ್ನು 'ಒಡಕು ಇಂಗ್ಲಿಷ್' ಅಂತ ಶಾಲೆಗಳಲ್ಲಿ ತಿದ್ದುತ್ತಾ ಬಂದಿದ್ದಾರೆ. ಅದಕ್ಕೆ ತನ್ನದೇ ವ್ಯಾಕರಣ ಉಂಟು, ಬರೆಯುವ ಕ್ರಮ ಉಂಟು, 2012ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಅದರಲ್ಲಿ ಬಂದಿದೆ. ಕೆರೊಲಿನ್ ಕೂಪರ್ ಅವರ 'ನಾಯ್ಸಸ್ ಇನ್ ದ ಬ್ಲಡ್' 1993ರ ಪುಸ್ತಕ. ಅದರಲ್ಲಿ ಲೂಯಿಸ್ ಬೆನೆಟ್ ಅವರ ಪಾಟ್ವ ಕವಿತೆಗಳನ್ನೂ ಡ್ಯಾನ್ಸ್‌ಹಾಲ್ ಡಿಜೆಗಳನ್ನೂ ಒಟ್ಟಿಗೆ, ಒಂದೇ ಗಂಭೀರತೆಯಿಂದ ಓದ್ತಾರೆ. ನಾನು ಇದನ್ನು ಓದುವಾಗ ನನಗೆ ನನ್ನದೇ ನೆನಪಾಗ್ತಿತ್ತು. ಪದವಿಯ ಮೊದಲ ವರ್ಷ ನನ್ನ ಪ್ರಬಂಧದಲ್ಲಿ 'ಎಂತ', 'ಉಂಟು', 'ಹೋಗ್ಲಿಕ್ಕೆ' ಅನ್ನುವಲ್ಲೆಲ್ಲ ಕೆಂಪು ಗೆರೆ ಬಿದ್ದಿತ್ತು. 'ಮಲಯಾಳ ಮಿಶ್ರಿತ' ಅಂತ ಬದಿಯಲ್ಲಿ ಬರೆದಿತ್ತು. 'ಉಂಟು' ಯಾವಾಗ ಮಲಯಾಳ ಮಾತ್ರ ಆಯ್ತು ಮಾರಾಯ್ರೆ! ಇರ್ಲಿ. ನನ್ನ ಕೆಂಪು ಗೆರೆಯನ್ನೂ ಗುಲಾಮಗಿರಿಯ ಚರಿತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪಾಗ್ತದೆ. ತಿದ್ದಿಸಿಕೊಂಡ ಬಾಯಿಗೆ ತಿದ್ದಿಸಿಕೊಳ್ಳದ ಬಾಯಿ ಕೇಳಿದಾಗ ಆಗುವ ಖುಷಿ ನನಗೆ ಗೊತ್ತು, ಅಷ್ಟು ಮಾತ್ರ ಹೇಳ್ತಿದ್ದೇನೆ.

ಈ ಖುಷಿಯೇ ನನ್ನನ್ನು ಒಂದು ಕಡೆ ದಾರಿ ತಪ್ಪಿಸಿತು. ಬುಜು ಬಾಂಟನ್‌ನ 'ಬೂಮ್ ಬೈ ಬೈ' 1992ರದ್ದು, ಸಲಿಂಗಿಗಳನ್ನು ಕೊಲ್ಲುವ ಮಾತಿನ ಹಾಡು. ಈ ಪ್ರಬಂಧದ ಮೊದಲ ಕರಡಿನಲ್ಲಿ ನಾನು 'ಇದು ಕೆಳವರ್ಗದ ಭಾಷೆಯ ಅತಿಶಯೋಕ್ತಿ, ಹೊರಗಿನವರಿಗೆ ಅರ್ಥವಾಗದು' ಅಂತ ಬರೆದಿದ್ದೆ. ಮಾರ್ಗದರ್ಶಕರು ಕೇಳಿದ್ರು: "ಆ ಹಾಡು ಹಾಕಿದ ಕೂಟದಲ್ಲಿ ಅಂಥ ಒಬ್ಬ ಹುಡುಗ ನಿಂತಿದ್ದರೆ ಅವನಿಗೂ ಅದು ಅಲಂಕಾರವೇ?" ಉತ್ತರ ಇರ್ಲಿಲ್ಲ. ಬುಜು ಬಾಂಟನ್ ಸ್ವತಃ 2019ರಲ್ಲಿ ಆ ಹಾಡನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿದ. ಹಾಡಿದವನೇ ಕೈಬಿಟ್ಟದ್ದನ್ನು ಇಲ್ಲಿ ಕೂತು ನಾನು ಸಮರ್ಥಿಸ್ತಿದ್ದೆ.

ಈಗಿನವರಿಗೆ ಬರುವ. ಸ್ಕಿಲ್ಲಿಬೆಂಗ್ ಜಮೈಕಾದ ಪೂರ್ವ ತುದಿಯ ಸೇಂಟ್ ಥಾಮಸ್ ಪ್ರದೇಶದವನು. 2020ರ 'ಕ್ರೊಕೊಡೈಲ್ ಟೀತ್' ಅವನನ್ನು ಎತ್ತಿತು. ರೈಫಲಿನ ಗುಂಡಿಗೆ ಮೊಸಳೆ ಹಲ್ಲಿನ ಉಪಮೆ. ಉಪಮೆಯಾಗಿ ನೋಡಿದ್ರೆ ಅಚ್ಚುಕಟ್ಟು: ಆಕಾರ, ಸಾಲು, ಕಚ್ಚುವ ಭಯ ಮೂರೂ ಹೊಂದ್ತದೆ. ಗುಂಡಿನ ಬಗ್ಗೆ ಹಾಡಿದ್ದಕ್ಕೆ ನನಗೆ ತಕರಾರು ಉಂಟು, ಕಣ್ಣಿಗೆ ಕಟ್ಟಿದ್ದಕ್ಕೆ ಇಲ್ಲ. ಅವನ ಹೆಚ್ಚುಗಾರಿಕೆ ಗಂಟಲಿನಲ್ಲಿ ಉಂಟು. ಸಾಲಿನ ನಡುವೆ ದನಿ ಒಮ್ಮೆಗೇ ಕೀರಲಾಗ್ತದೆ, ಒಮ್ಮೆಗೇ ಗೊಗ್ಗರಾಗ್ತದೆ, ಒಬ್ಬನೇ ಎರಡು ವೇಷ ಮಾಡಿದ ಹಾಗೆ. ಮಸಿಕಾ ಇದಕ್ಕೆ ತದ್ವಿರುದ್ಧ. ಪೋರ್ಟ್‌ಮೋರಿನವನು, 2021ರ '438', 2023ರ 'ಜನರೇಶನ್ ಆಫ್ ಕಿಂಗ್ಸ್' ಅವನ ಆಲ್ಬಮ್‌ಗಳು. ಪದಗಳನ್ನು ಒತ್ತೊತ್ತಾಗಿ ಜೋಡಿಸ್ತಾನೆ, ಒಂದೂ ಬಿದ್ದುಹೋಗುವುದಿಲ್ಲ. ಕೆಲಸ ಶುದ್ಧ, ಆದ್ರೆ ನಾಲ್ಕು ಹಾಡು ಆದ ಮೇಲೆ ನನಗೆ ಉಸಿರು ಕಟ್ಟಿದ ಹಾಗಾಗ್ತದೆ. ಶೆನ್‌ಸಿಯಾಳನ್ನು ಪಾಪ್ ಗಾಯಕಿ ಅಂತ ಮೂಗು ಮುರಿಯುವವರು ಇದ್ದಾರೆ. ಅವಳ 2024ರ ಆಲ್ಬಮ್ 'ನೆವರ್ ಗೆಟ್ಸ್ ಲೇಟ್ ಹಿಯರ್' ಗ್ರ್ಯಾಮಿಯ ನಾಮನಿರ್ದೇಶನ ಪಡೆಯಿತು. ಅದರಲ್ಲಿರುವ, ಮಸಿಕಾ ಜೊತೆಗೆ ಹಾಡಿದ 'ಹಿಟ್ ಆಂಡ್ ರನ್' ಕೇಳಿ. ಅವನ ಒತ್ತಿನ ಪಕ್ಕದಲ್ಲಿ ಅವಳು ಜಾಗ ಬಿಟ್ಟು ಹಾಡ್ತಾಳೆ, ಮಾತು ಪೋಲಿಯಾದಷ್ಟೂ ದನಿ ತಣ್ಣಗೆ. ನ್ಯಾನ್ಸಿಯ ನಿರಾಳ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ ಅಂತ ನನಗೆ ಅನಿಸ್ತದೆ. ವೇಲಿಯಂಟ್‌ನ 2022ರ 'ಡನ್ಸ್ ಚೆಕ್' ಸಂಗೀತವಾಗಿ ನನಗೆ ಅಷ್ಟಕ್ಕಷ್ಟೇ. ಆದ್ರೆ ಶಾಲೆಯಲ್ಲಿ 'ದಡ್ಡ' ಅನ್ನಿಸಿಕೊಳ್ಳುವ ಬೈಗುಳವನ್ನೇ ಎದೆಗೆ ಬಿಲ್ಲೆ ಮಾಡಿ ಸಿಕ್ಕಿಸಿಕೊಂಡ ಹಾಡು ಅದು. ಮನೆಮಾತನ್ನು ಶಾಲೆ ತಿದ್ದುವ ದೇಶದಲ್ಲಿ ಹುಡುಗರು ಅದನ್ನು ಯಾಕೆ ಎತ್ತಿಕೊಂಡ್ರು ಅಂತ ಊಹಿಸುವುದು ಕಷ್ಟವಲ್ಲ.

ನನ್ನ ಚಿಂತೆ ಬೇರೆ. ಇವರ ಹೆಸರಾದ ಹಾಡುಗಳಲ್ಲಿ ಹೆಚ್ಚಿನವು ಒಬ್ಬೊಬ್ಬರಿಗೆ ಅಂತಲೇ ಹೊಲಿಸಿದ ತಾಳದ ಮೇಲೆ ಉಂಟು. ಒಂದೇ ರಿದಿಮಿನಲ್ಲಿ ಇಪ್ಪತ್ತು ಜನ ಹಾಡುವ ಪದ್ಧತಿ ನಿಂತಿಲ್ಲ, ಆದ್ರೆ ಮೊದಲಿನ ಕೇಂದ್ರಸ್ಥಾನ ಅದಕ್ಕಿಲ್ಲ. ಮೊಬೈಲಿನಲ್ಲಿ ಹಾಡು ಒಂಟಿಯಾಗಿ ಬರ್ತದೆ, ಅದರ ಒಡಹುಟ್ಟು ಯಾವುದು ಅಂತ ಆ್ಯಪ್ ಹೇಳುವುದಿಲ್ಲ. 2025ರಲ್ಲಿ ಎಲ್ಲ ಕಡೆ ಕೇಳಿದ 'ಶೇಕ್ ಇಟ್ ಟು ದ ಮ್ಯಾಕ್ಸ್' ಹಾಡಿದ ಮೊಲಿ ಘಾನಾದವಳು, ಸ್ಕಿಲ್ಲಿಬೆಂಗ್ ಮತ್ತು ಶೆನ್‌ಸಿಯಾ ಅದರ ಮರುರೂಪಕ್ಕೆ ಅತಿಥಿಗಳಾಗಿ ಬಂದವರು. ಹಾಡು ಚೆನ್ನಾಗಿಯೇ ಉಂಟು. ಆದ್ರೆ ಸ್ಕಿಲ್ಲಿಬೆಂಗ್ ದೊಡ್ಡವನಾ ಮಸಿಕಾ ದೊಡ್ಡವನಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಡವರಿಸ್ತೇನೆ. ಬೌಂಟಿ ಕಿಲ್ಲರ್, ಶಾನ್ ಪಾಲ್ ಬಗ್ಗೆ ಹೇಳಿದ ಹಾಗೆ ಹೇಳ್ಲಿಕ್ಕೆ ಇಬ್ಬರೂ ಒಂದೇ ನೆಲದ ಮೇಲೆ ನಿಲ್ಲಬೇಕಲ್ಲ.

ಇಷ್ಟು. ಪ್ರಶ್ನೆ ಇದ್ರೆ ಕೇಳಿ.

(ಚರ್ಚೆಯಿಂದ ಒಂದು ಪ್ರಶ್ನೆ: ರಿದಿಮಿಗೆ 'ದಿವಾಲಿ' ಎಂಬ ಹೆಸರು ಇರುವುದರಿಂದ ಇದು ಭಾರತೀಯ ತಾಳದ ಪ್ರಭಾವ ಎನ್ನಬಹುದೆ?)

ಮೇಡಂ, ನನಗೂ ಹಾಗೆ ಹೇಳ್ಲಿಕ್ಕೆ ಆಸೆ ಇತ್ತು. 1845ರಿಂದ ಭಾರತದ ಕೂಲಿಗಳು ಕರಾರಿನ ಮೇಲೆ ಜಮೈಕಾದ ಕಬ್ಬಿನ ತೋಟಗಳಿಗೆ ಹೋಗಿದ್ದಾರೆ. ಬಹುಪಾಲು ಉತ್ತರದ ಭೋಜಪುರಿ ಸೀಮೆಯವರು. 'ಗಾಂಜಾ' ಅನ್ನುವ ಶಬ್ದ ಅಲ್ಲಿ ಹಾಗೇ ಉಳಿದಿದೆ. ತೊಂಬತ್ತರ ದಶಕದ ದೊಡ್ಡ ಡಿಜೆ ಸೂಪರ್ ಕ್ಯಾಟ್, ವಿಲಿಯಂ ಮರಾಘ್ ಅಂತ ಹೆಸರು, ಅವನು ಆಫ್ರಿಕನ್ ಮತ್ತು ಭಾರತೀಯ ಎರಡೂ ಮೂಲದವನು. ಬರ್ಮಿಂಗ್‌ಹ್ಯಾಮಿನ ಪಂಜಾಬಿ ಮನೆಯ ಅಪಾಚೆ ಇಂಡಿಯನ್ ಅವನ 'ವೈಲ್ಡ್ ಅಪಾಚೆ' ಅನ್ನುವ ಬಿರುದನ್ನು ನೋಡಿಯೇ ತನ್ನ ಹೆಸರು ಇಟ್ಟುಕೊಂಡದ್ದು. ಸಂಬಂಧ ಉಂಟು. ಆದ್ರೆ ಹೆಸರು ನೋಡಿ ತಾಳ ನಮ್ಮದು ಅನ್ನಲಿಕ್ಕೆ ಆಗುವುದಿಲ್ಲ. 'ಸ್ಟಾಲಾಗ್' ಅನ್ನುವುದು ಜರ್ಮನಿಯ ಯುದ್ಧಕೈದಿಗಳ ಶಿಬಿರದ ಹೆಸರು, ಅದರಿಂದ ಆ ತಾಳ ಜರ್ಮನಿಯದ್ದು ಆಗುವುದಿಲ್ಲ. ದಿವಾಲಿಯ ಚಪ್ಪಾಳೆ ಕೇಳಿದಾಗ ನನಗೆ ಭಜನೆಯ ಚಪ್ಪಾಳೆ ನೆನಪಾಗ್ತದೆ, ಅಮ್ಮನಿಗೆ ಕೇಳಿಸಿದಾಗ ಅವರೂ ಹಾಗೇ ಹೇಳಿದ್ರು. ಅದು ನಮ್ಮ ಕಿವಿಯ ವಿಷಯ. ಲೆಂಕಿಯ ಕೈಯ ವಿಷಯ ಅಂತ ಪ್ರಬಂಧದಲ್ಲಿ ಬರೀಲಿಕ್ಕೆ ನನ್ನ ಹತ್ರ ಆಧಾರ ಇಲ್ಲ, ಹಾಗಾಗಿ ಬರೀಲಿಲ್ಲ.